ಇಡ್ಲಿ ಗಾಡಿಗೆ ನೋಂದಣಿ ಬೇಕು, ಡೇ ಕೇರ್‌ಗೆ?



2023ರ ಜೂನ್‌ನಲ್ಲಿ ನಿಮ್ಮಲ್ಲಿ ಬಹಳ ಜನರ ಮೊಬೈಲಿಗೆ ಒಂದು ಸಿಸಿಟಿವಿ ದೃಶ್ಯ ಬಂದಿರುತ್ತೆ. ಚಿಕ್ಕಲ್ಲಸಂದ್ರದ ಒಂದು ಪ್ಲೇ ಹೋಮ್. ಒಂದು ಕೋಣೆ, ಅದರೊಳಗೆ ಪುಟಾಣಿ ಮಕ್ಕಳು. ಒಂದು ಮಗು ಇನ್ನೊಂದಕ್ಕೆ ಹೊಡೀತಿದೆ. ಒಂದೇಟು ಹೊಡೆದು ಬಿಡ್ತಿಲ್ಲ, ಮತ್ತೆ ಮತ್ತೆ ಹೊಡೀತಿದೆ. ಏಟು ತಿನ್ನೋ ಮಗುವಿಗೆ ತಪ್ಪಿಸಿಕೊಳ್ಳೋದು ಹೇಗೆ ಅಂತಾನೂ ಗೊತ್ತಿಲ್ಲ. ನಿಮಿಷಗಳು ಕಳೀತಿವೆ, ದೊಡ್ಡವರು ಒಬ್ಬರೂ ಆ ಕಡೆ ಬರ್ತಿಲ್ಲ.

ದೃಶ್ಯ ನೋಡಿದವರಲ್ಲಿ ಎಷ್ಟೋ ಜನ "ಎಂಥಾ ಮಗು ಅದು?" ಅಂತ ಕೇಳಿದರು. ಪಾಪ, ಆ ಮಗುವಿನ ತಪ್ಪೇನು? ಎರಡು ಮೂರು ವರ್ಷದ ಮಕ್ಕಳು ಹೊಡೀತಾವೆ, ಕಚ್ತಾವೆ, ತಳ್ತಾವೆ. ಮನೆಯಲ್ಲಿ ಎರಡು ಮಕ್ಕಳಿರೋ ಯಾವ ತಾಯಿಯನ್ನು ಕೇಳಿದರೂ ಹೇಳ್ತಾರೆ. ಅದಕ್ಕೇ ಅಲ್ವಾ ಅಲ್ಲೊಬ್ಬರು ದೊಡ್ಡವರು ಇರಬೇಕು ಅನ್ನೋದು? ಅಪ್ಪ ಅಮ್ಮ ತಿಂಗಳು ತಿಂಗಳು ದುಡ್ಡು ಕಟ್ಟೋದು ಆ ಒಬ್ಬರು ದೊಡ್ಡವರಿಗಾಗಿ. ಆ ಹೊತ್ತಿನಲ್ಲಿ ಆ ಕೋಣೆಯಲ್ಲಿ ಅವರು ಇರಲಿಲ್ಲ. ಇರಲೇಬೇಕು ಅಂತ ಹೇಳೋ ಅಧಿಕಾರ ಯಾರಿಗಿದೆ? ಒಂದು ಕೋಣೆಗೆ ಎಷ್ಟು ಮಕ್ಕಳು, ಎಷ್ಟು ಮಕ್ಕಳಿಗೆ ಒಬ್ಬ ಆಯಾ ಅಂತ ತಪಾಸಣೆ ಮಾಡೋ ಅಧಿಕಾರಿ ಯಾರು? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಇದರ ಬಗ್ಗೆ.

ನಮ್ಮ ಪಶ್ಚಿಮ ಬೆಂಗಳೂರನ್ನೇ ತಗೊಳ್ಳಿ. ನವರಂಗ್‌ನಿಂದ ಭಾಷ್ಯಂ ಸರ್ಕಲ್, ಅಲ್ಲಿಂದ ಬಸವೇಶ್ವರನಗರ, ಹಾವನೂರು ಸರ್ಕಲ್, ವಿಜಯನಗರ, ಅತ್ತಿಗುಪ್ಪೆ, ಕೆಂಗೇರಿ ಉಪನಗರದವರೆಗೆ ಒಂದು ರೌಂಡ್ ಹಾಕಿ. ಅಡ್ಡರಸ್ತೆಗಳಲ್ಲಿ ಕಣ್ಣಾಡಿಸಿ. ಡೇ ಕೇರ್, ಪ್ಲೇ ಹೋಮ್, ಬೇಬಿ ಸಿಟ್ಟಿಂಗ್, ಮಾಂಟೆಸ್ಸರಿ. ಗೋಡೆ ಮೇಲೆ ಬಣ್ಣದ ಆನೆ, ಜಿರಾಫೆ. ಮುಕ್ಕಾಲು ಪಾಲು ಎಲ್ಲವೂ 30-40 ಸೈಟಿನ ಮನೆಗಳೇ. ಕೆಳಗಡೆ ಮಕ್ಕಳು, ಮೇಲ್ಗಡೆ ಬಾಡಿಗೆಯವರು. ಇದರಲ್ಲಿ ಒಳ್ಳೆಯವು ಇವೆ, ತುಂಬಾ ಇವೆ. ತಮ್ಮ ಮೊಮ್ಮಕ್ಕಳಂತೆ ನೋಡಿಕೊಳ್ಳೋ ಆಂಟಿಯರು ಇದ್ದಾರೆ. ಆದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ತಿಳಿಯೋದಕ್ಕೆ ನಿಮ್ಮ ಹತ್ತಿರ ಇರೋ ಸಾಧನ ಎರಡೇ: ಪಕ್ಕದ ಮನೆಯವರ ಮಾತು, ಗೋಡೆ ಮೇಲಿನ ಜಿರಾಫೆ.

ಅದೇ ರಸ್ತೆ ತುದಿಯಲ್ಲಿ ಒಬ್ಬರು ಗಾಡಿಯಲ್ಲಿ ಇಡ್ಲಿ ಮಾರ್ತಾರೆ ಅಂತಿಟ್ಟುಕೊಳ್ಳಿ. ಕಾನೂನಿನ ಪ್ರಕಾರ ಅವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. 2023ರಲ್ಲಿ ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಆಟೋ ಹತ್ತಿದರೆ ಸೀಟಿನ ಹಿಂದೆ ಡ್ರೈವರ್ ಹೆಸರು, ಫೋಟೊ ಇರೋ ಕಾರ್ಡು ಇರಬೇಕು. ಅಪಾರ್ಟ್‌ಮೆಂಟಿನ ಲಿಫ್ಟಿಗೆ ವಿದ್ಯುತ್ ಪರಿವೀಕ್ಷಕರ ಲೈಸೆನ್ಸ್ ಬೇಕು. ಆದರೆ ಎಂಟು ತಿಂಗಳ ಕೂಸನ್ನು ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆವರೆಗೆ ಹಣ ತಗೊಂಡು ನೋಡಿಕೊಳ್ಳೋ ಜಾಗಕ್ಕೆ? ಅದಕ್ಕೆಂದೇ ಮಾಡಿದ ಪ್ರತ್ಯೇಕ ಲೈಸೆನ್ಸ್ ನಮ್ಮ ರಾಜ್ಯದಲ್ಲಿಲ್ಲ.

ಅದು ಹೇಗೆ ಸಾಧ್ಯ, ಇಷ್ಟೊಂದು ಕಾನೂನುಗಳಿವೆಯಲ್ಲ ಅಂತ ನೀವು ಕೇಳಬಹುದು. ಕಾನೂನುಗಳಿವೆ. ಒಂದೊಂದೂ ಈ ಡೇ ಕೇರ್ ಬಾಗಿಲ ತನಕ ಬಂದು ವಾಪಸ್ ಹೋಗುತ್ತೆ. ಮೊದಲು ಶಿಕ್ಷಣ ಇಲಾಖೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಇದೆ, ಶಿಕ್ಷಣ ಸಂಸ್ಥೆ ನಡೆಸಬೇಕಾದರೆ ನೋಂದಣಿ, ಮಾನ್ಯತೆ ಎಲ್ಲಾ ಇದೆ. ಎಲ್‌ಕೆಜಿ, ಯುಕೆಜಿ ನಡೆಸೋರು ಬಿಇಒ ಕಚೇರಿ ಮೆಟ್ಟಿಲು ಹತ್ತುತ್ತಾರೆ. ಆದರೆ ತೊಟ್ಟಿಲ ಕೂಸಿಗೆ ಯಾವ ಸಿಲಬಸ್ ಇದೆ ಹೇಳಿ? ಅದು ಶಿಕ್ಷಣ ಸಂಸ್ಥೆ ಹೇಗಾಗುತ್ತೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಶುರುವಾಗೋದೇ ಆರನೇ ವರ್ಷಕ್ಕೆ. ಮೂರು ದಾಟಿದ ಮಕ್ಕಳಿಗೆ ಸರ್ಕಾರ ವ್ಯವಸ್ಥೆ "ಮಾಡಬಹುದು" ಅಂತ 11ನೇ ಸೆಕ್ಷನ್ನಿನಲ್ಲಿದೆ. ಮಾಡಲೇಬೇಕು ಅಂತಿಲ್ಲ. ಮೂರರ ಒಳಗಿನ ಕೂಸುಗಳ ಮಾತು ಅಲ್ಲಿ ಇಲ್ಲವೇ ಇಲ್ಲ.

ಇನ್ನು ಮಹಿಳಾ ಮತ್ತು ಮಕ್ಕಳ ಇಲಾಖೆ ಕಡೆಯಿಂದ ನೋಡೋಣ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ "ಮಕ್ಕಳ ಪಾಲನಾ ಸಂಸ್ಥೆ" ಅನ್ನೋ ಮಾತಿದೆ. ಕೇಳಿದರೆ ಡೇ ಕೇರೇ ಅನ್ನಿಸುತ್ತೆ. 41ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯ. ಮಾಡಿಸದಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲಾ ಕನಿಷ್ಠ 1 ಲಕ್ಷ ದಂಡ, ಅಥವಾ ಎರಡೂ. ಭಾರೀ ಬಿಗಿ ಕಾನೂನು. ಆದರೆ ಅದರ ವ್ಯಾಖ್ಯೆ ಓದಿ ನೋಡಿ: ಬಾಲಮಂದಿರ, ತೆರೆದ ತಂಗುದಾಣ, ವೀಕ್ಷಣಾಲಯ, ದತ್ತು ಕೇಂದ್ರ, ಇಂಥವು. ಅಂದರೆ ದಿಕ್ಕಿಲ್ಲದ ಮಕ್ಕಳು, ಕಾನೂನಿನ ಸಂಘರ್ಷಕ್ಕೆ ಸಿಕ್ಕ ಮಕ್ಕಳು ಇರೋ ಜಾಗ. ಅಪ್ಪ ಅಮ್ಮ ಇಬ್ಬರೂ ಇದ್ದು, ಇಬ್ಬರೂ ಕೆಲಸಕ್ಕೆ ಹೋಗೋ ಮನೆಯ ಮಗು ಈ ಪಟ್ಟಿಯಲ್ಲಿ ಬರಲ್ಲ. ಪಾಲಿಕೆಯವರು ಬಂದರೆ ನೋಡೋದು ಕಟ್ಟಡ, ರಸ್ತೆ ಅಗಲ, ಕಸ, ತೆರಿಗೆ. ಮಗುವನ್ನು ಎತ್ತಿಕೊಳ್ಳೋ ಕೈ ಎಷ್ಟಿವೆ ಅನ್ನೋದು ಅವರ ಫಾರಮ್ಮಿನ ಕಾಲಂ ಅಲ್ಲ.

ಹಾಗಂತ ಏನಾದರೂ ಆದ ಮೇಲೆ ಕಾನೂನು ಸುಮ್ಮನಿರುತ್ತೆ ಅಂತಲ್ಲ. ಅದೇ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ ನೋಡಿ. ಮಕ್ಕಳ ಪಾಲನೆ ವಹಿಸಿಕೊಂಡ ಸಂಸ್ಥೆಯ ಸಿಬ್ಬಂದಿಯೇ ಮಗುವಿಗೆ ಕ್ರೌರ್ಯ ತೋರಿದರೆ ಐದು ವರ್ಷದವರೆಗೆ ಕಠಿಣ ಸಜೆ, 5 ಲಕ್ಷದವರೆಗೆ ದಂಡ. 2016ರ ನವೆಂಬರಿನಲ್ಲಿ ನವಿ ಮುಂಬೈನ ಖಾರ್ಘರ್‌ನ ಡೇ ಕೇರ್ ಒಂದರಲ್ಲಿ ಹತ್ತು ತಿಂಗಳ ಹೆಣ್ಣುಮಗುವನ್ನು ಆಯಾ ಹೊಡೆದದ್ದು ಸಿಸಿಟಿವಿಯಲ್ಲಿ ಸಿಕ್ಕಾಗ ಇಡೀ ದೇಶ ನಡುಗಿತು. ಬಂಧನ ಆಯ್ತು, ಕೇಸ್ ಆಯ್ತು. ನಮ್ಮ ಕಾನೂನು ಎಚ್ಚರಾಗೋದು ಮಗುವಿಗೆ ಪೆಟ್ಟು ಬಿದ್ದ ಮೇಲೆ. ಅದರ ಹಿಂದಿನ ದಿನ ಅದು ಎಲ್ಲಿತ್ತು?

ಹಿಂದಿನ ದಿನವೇ ನೋಡೋ ಬುದ್ಧಿ ನಮ್ಮ ದೇಶಕ್ಕೆ ಇರಲಿಲ್ಲವೇ ಅಂದರೆ, ಇತ್ತು. ಇದು ನನಗೆ ಬಹಳ ಆಶ್ಚರ್ಯ ತರೋ ವಿಷಯ. 1948ರ ಕಾರ್ಖಾನೆ ಕಾಯ್ದೆ, 48ನೇ ಸೆಕ್ಷನ್. 2023ರಲ್ಲಿದ್ದ ರೂಪದಲ್ಲಿ ಅದು ಹೇಳುತ್ತಿದ್ದದ್ದು: ಮೂವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡೋ ಫ್ಯಾಕ್ಟರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು. ಗಾಳಿ ಬೆಳಕು ಇರಬೇಕು, ಶುಚಿಯಾಗಿರಬೇಕು, ಮಕ್ಕಳ ಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸು ನೋಡಿಕೊಳ್ಳಬೇಕು. 1948ರ ಕಾನೂನು ಸ್ವಾಮಿ! ಫ್ಯಾಕ್ಟರಿ ಒಳಗಿನ ಮಗುವಿಗೆ ಅವತ್ತೇ ಕೊಟ್ಟ ಭರವಸೆಯನ್ನು ರಾಜಾಜಿನಗರ ಅಡ್ಡರಸ್ತೆಯ ಮಗುವಿಗೆ ಇವತ್ತಿಗೂ ಕೊಟ್ಟಿಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ಐವತ್ತು ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ ಆಯ್ತು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂತಾಯ್ತು. ಒಳ್ಳೆಯದೇ. ಆದರೆ ಕಾಮಾಕ್ಷಿಪಾಳ್ಯದ ಶೆಡ್ಡುಗಳನ್ನು ನೋಡಿದ್ದೀರಲ್ಲ? ಒಂದರಲ್ಲಿ ಹತ್ತು ಜನ, ಇನ್ನೊಂದರಲ್ಲಿ ಹದಿನೈದು ಜನ. ಮೂವತ್ತೂ ಇಲ್ಲ, ಐವತ್ತೂ ಇಲ್ಲ. ಆ ತಾಯಂದಿರ ಮಕ್ಕಳಿಗೆ ಎರಡು ಕಾನೂನೂ ಸಿಗಲಿಲ್ಲ.

ಲಗ್ಗೆರೆ, ಸುಂಕದಕಟ್ಟೆ, ನಾಯಂಡಹಳ್ಳಿ ಕಡೆ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಕ್ಕಳ ಲೆಕ್ಕ ಬೇರೆ. ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ದೊಡ್ಡ ಕೆಲಸ ಅದು, ಇಲ್ಲ ಅನ್ನೋಕಾಗಲ್ಲ. ಆದರೆ ಅಂಗನವಾಡಿಯಲ್ಲಿ ಕೂರಿಸೋದು ಮೂರು ತುಂಬಿದ ಮಕ್ಕಳನ್ನ. ಸಾಯಂಕಾಲ ನಾಲ್ಕಕ್ಕೆ ಬಾಗಿಲು ಹಾಕುತ್ತೆ, ಲೈನ್‌ನಲ್ಲಿ ಕೂತ ತಾಯಿ ಮನೆ ಸೇರೋದು ಕತ್ತಲಾದ ಮೇಲೆ. ಹಾಗಾಗಿ ಮಗು ವಠಾರದ ಯಾರೋ ಅಜ್ಜಿಯ ಹತ್ತಿರ ಇರುತ್ತೆ, ಇಲ್ಲಾಂದ್ರೆ ಕುಣಿಗಲ್ಲೋ ಮಾಗಡಿಯೋ ಮಂಡ್ಯವೋ, ಊರಿನಲ್ಲಿ ಅಮ್ಮನ ಹತ್ತಿರ ಬೆಳೆಯುತ್ತೆ. ಹಬ್ಬಕ್ಕೆ ಊರಿಗೆ ಹೋದಾಗ ಮಗು ಹೆತ್ತವಳನ್ನು ನೋಡಿ ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಳ್ಳುತ್ತೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಹೆಂಗಸರಿಗೆ ಬಸ್ ಟಿಕೆಟ್ ಇಲ್ಲ. ಕೆಲಸಕ್ಕೆ ಹೋಗೋ ದಾರಿ ಖರ್ಚು ಉಳೀತು. 2023ರ ಜುಲೈ 7ರಂದು, ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಮಂಡಿಸಿದ ಬಜೆಟ್‌ನಲ್ಲಿ "ಕೂಸಿನ ಮನೆ" ಅಂತ ಒಂದು ಘೋಷಣೆ ಇತ್ತು. 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ. ಹೆಸರೇ ಎಷ್ಟು ಚೆನ್ನಾಗಿದೆ ನೋಡಿ, ಕೂಸಿನ ಮನೆ. ಸರ್ಕಾರ ತಾನೇ ನಡೆಸೋದರಿಂದ ಅಲ್ಲಿಗೆ ನಿಯಮ ಬರುತ್ತೆ, ತರಬೇತಿ ಬರುತ್ತೆ. ಹಳ್ಳಿಗೆ ಬರಲಿ, ಬರಲೇಬೇಕು. ಸರ್ಕಾರ ನಡೆಸದ, ಆದರೆ ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲಿ ನಡೀತಿರೋ ಕೂಸಿನ ಮನೆಗಳಿಗೆ ನಿಯಮ ಯಾವಾಗ?

ಹೊಸದಾಗಿ ತಲೆ ಕೆರೆದುಕೊಳ್ಳಬೇಕಾಗಿಲ್ಲ. 2013ರ ರಾಷ್ಟ್ರೀಯ ಶಿಶು ಪಾಲನೆ ಮತ್ತು ಶಿಕ್ಷಣ ನೀತಿಯಲ್ಲೇ ಅಳತೆ ಕೊಟ್ಟಿದ್ದಾರೆ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರು. ಮೂವತ್ತು ಮಕ್ಕಳಿಗೆ 35 ಚದರ ಮೀಟರ್ ಕೋಣೆ, ಹೊರಗೆ ಕನಿಷ್ಠ 30 ಚದರ ಮೀಟರ್ ಜಾಗ.

ಎಂಜಿನಿಯರಿಂಗ್ ಓದಿದವನಿಗೆ ಅಳತೆ ಕಂಡರೆ ಪೆನ್ನು ತಗೊಳ್ಳೋ ಚಟ. ಲೆಕ್ಕ ಹಾಕಿ ನೋಡಿದೆ. 35 ಚದರ ಮೀಟರ್ ಅಂದರೆ ಸುಮಾರು 377 ಚದರಡಿ, ಒಂದು ಮಗುವಿಗೆ ಹನ್ನೆರಡೂವರೆ ಚದರಡಿ. ನಮ್ಮ 30-40 ಮನೆಯ ಒಂದು ರೂಮು 10 ಅಡಿಗೆ 12 ಅಡಿ ಅಂದುಕೊಳ್ಳಿ, 120 ಚದರಡಿ. ಒಂಬತ್ತು ಮಕ್ಕಳು. ಹತ್ತನೆಯ ಮಗುವಿಗೆ ಜಾಗ ಸಾಲದು. ಹಾಲು 12ಕ್ಕೆ 15 ಇದ್ದರೆ ಹದಿನಾಲ್ಕು ಮಕ್ಕಳು. ಆಟಕ್ಕೆ ಅಂತ ತೋರಿಸೋ ಕಾರ್ ಪೋರ್ಟಿಕೊ 8ಕ್ಕೆ 15 ಇದ್ದರೆ ಹನ್ನೊಂದು ಮಕ್ಕಳು, ಅದೂ ಓನರ್ ಸ್ಕೂಟರ್ ಹೊರಗೆ ನಿಲ್ಲಿಸಿದರೆ. ಅಂದರೆ ಒಂದು ರೂಮು, ಒಂದು ಹಾಲು, ಒಂದು ಪೋರ್ಟಿಕೊ ಇರೋ ಮನೆಯಲ್ಲಿ ಹತ್ತು ಹನ್ನೊಂದು ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳಬಹುದು. ಮೂವತ್ತು ಮಕ್ಕಳಿದ್ದರೆ ಅದು ಗೋಡೌನು. ಈ ಲೆಕ್ಕ ಮಾಡೋಕೆ ಯಾವ ಡಿಗ್ರಿಯೂ ಬೇಡ, ನಿಮ್ಮ ಮಗು ಹೋಗೋ ಜಾಗಕ್ಕೆ ಹೆಜ್ಜೆ ಹಾಕಿ ನೀವೇ ಮಾಡಬಹುದು.

ಆದರೆ ನೀತಿ ಅಂದರೆ ಕಾನೂನಲ್ಲ. ನೀತಿ ಮುರಿದರೆ ಯಾರೂ ನೋಟಿಸ್ ಕೊಡಲ್ಲ. ರಾಜ್ಯ ಸರ್ಕಾರ ಅದನ್ನು ನಿಯಮ ಮಾಡಬೇಕು. ಪಕ್ಕದ ತಮಿಳುನಾಡು 2015ರಲ್ಲಿ ಪ್ಲೇ ಸ್ಕೂಲ್‌ಗಳಿಗೆಂದೇ ನಿಯಮಾವಳಿ ತಂತು. ಅವರಿಗೆ ಒಂದು ದೊಡ್ಡ ಗಾಯದ ನೆನಪಿತ್ತು. 2004ರ ಜುಲೈ 16, ಕುಂಭಕೋಣಂ. ಶಾಲೆಯ ಹುಲ್ಲಿನ ಚಾವಣಿಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತುಹೋದರು. ಅದರ ನಂತರ 2009ರಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲಾ ಶಾಲೆಗಳಲ್ಲಿ ಅಗ್ನಿ ಸುರಕ್ಷತೆ ಇರಲೇಬೇಕು ಅಂತ ಹೇಳಿತು. ಶಾಲೆಗಳಲ್ಲಿ. ಬೋರ್ಡು ಡೇ ಕೇರ್ ಅಂತಿದ್ದರೆ, ಕಟ್ಟಡ ಕಾಗದದಲ್ಲಿ ಮನೆ ಅಂತಿದ್ದರೆ, ಅಲ್ಲಿಗೆ ಬೆಂಕಿ ಆರಿಸೋ ಸಿಲಿಂಡರ್ ಇದೆಯಾ ಅಂತ ನೋಡೋಕೆ ಯಾರು ಹೋಗ್ತಾರೆ?

ಈಗ ಇನ್ನೊಂದು ಕಡೆಯ ಮಾತು. ಇದನ್ನು ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದಂತೆ. ನಾಳೆನೇ ಸರ್ಕಾರ ಒಂದು ಭಾರೀ ಲೈಸೆನ್ಸ್ ತಂದಿತು ಅಂದುಕೊಳ್ಳಿ. ಇಪ್ಪತ್ತು ಕಾಗದ, ಐದು ಎನ್‌ಒಸಿ, ಪ್ರತಿ ಟೇಬಲ್ಲಿಗೂ ಒಂದು ಕವರು. ಆಗ ಏನಾಗುತ್ತೆ? ದೊಡ್ಡ ದೊಡ್ಡ ಫ್ರಾಂಚೈಸಿಗಳು ವಕೀಲರನ್ನಿಟ್ಟು ಲೈಸೆನ್ಸ್ ಮಾಡಿಸಿಕೊಳ್ಳುತ್ತವೆ, ಫೀಸಿಗೆ ಸೇರಿಸುತ್ತವೆ. ಆರು ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳೋ ವಿಜಯನಗರದ ಆಂಟಿ ಬೋರ್ಡು ಕಿತ್ತು ಒಳಗಿಡ್ತಾರೆ. ಮಕ್ಕಳು ಮಾತ್ರ ಬರ್ತಾನೇ ಇರ್ತಾವೆ, ಯಾಕಂದ್ರೆ ಅವರ ಅಮ್ಮನಿಗೆ ಬೇರೆ ದಾರಿ ಇಲ್ಲ. ಇವತ್ತು ಬೋರ್ಡಾದರೂ ಕಾಣ್ತಿದೆ, ಆಮೇಲೆ ಅದೂ ಕಾಣಲ್ಲ.

ಆ ಆಂಟಿ ಹೆದರೋಕೆ ಕಾರಣಗಳಿವೆ. ನೋಂದಣಿ ಮಾಡಿಸಿದ ಕೂಡಲೇ ಮನೆ ವಾಣಿಜ್ಯ ಅಂತ ಬರೆದುಕೊಂಡರೆ? ಆಸ್ತಿ ತೆರಿಗೆ ಏರಿದರೆ? ಕರೆಂಟು ಮೀಟರ್ ಕಮರ್ಷಿಯಲ್ ಆದರೆ? 2023ರ ಜುಲೈನಿಂದ ಗೃಹಜ್ಯೋತಿ ಬೇರೆ ಶುರುವಾಗಿದೆ, ಮನೆ ಮೀಟರ್ ಆದರೆ 200 ಯೂನಿಟ್ ತನಕ ಬಿಲ್ಲಿಲ್ಲ. ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿ ಅದನ್ನು ಯಾರು ಕಳ್ಕೋತಾರೆ? ಬಾಡಿಗೆ ಮನೆಯಾದರೆ ಓನರ್ ಏನಂತಾರೋ ಅದು ಬೇರೆ.

ಹಾಗಾದರೆ ಬೇರೆ ದೇಶದವರು ಏನು ಮಾಡ್ತಾರೆ? ಕ್ಯಾಲಿಫೋರ್ನಿಯಾ ನೋಡಿ, ನಮ್ಮ ಕನ್ನಡದ ಎಷ್ಟೋ ಮನೆಗಳು ಅಲ್ಲಿವೆ. ಅಲ್ಲಿ ಮನೆಯಲ್ಲೇ ನಡೆಸೋ ಡೇ ಕೇರ್‌ಗೆ ಬೇರೆ ಲೈಸೆನ್ಸ್, ದೊಡ್ಡ ಸೆಂಟರ್‌ಗೆ ಬೇರೆ. ಸಣ್ಣ ಮನೆಯಾದರೆ ಹೆಚ್ಚೆಂದರೆ ಎಂಟು ಮಕ್ಕಳು, ದೊಡ್ಡದಾದರೆ ಹದಿನಾಲ್ಕು. ಸೆಂಟರ್‌ನಲ್ಲಿ ಹಸುಗೂಸುಗಳಾದರೆ ನಾಲ್ಕಕ್ಕೆ ಒಬ್ಬರು. ತಪಾಸಣೆ ವರದಿಯನ್ನು ಅಪ್ಪ ಅಮ್ಮ ಓದಬಹುದು. ಇಂಗ್ಲೆಂಡಿನಲ್ಲಿ ಆಫ್‌ಸ್ಟೆಡ್ ಅನ್ನೋ ಸಂಸ್ಥೆ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳೋ ಹೆಂಗಸನ್ನೂ ನೋಂದಾಯಿಸುತ್ತೆ, ವರದಿ ಎಲ್ಲರಿಗೂ ಸಿಗುತ್ತೆ. ಹಾಗಂತ ಅಲ್ಲಿ ಎಲ್ಲಾ ಸ್ವರ್ಗ ಅಂದುಕೋಬೇಡಿ. ನಾಲ್ಕು ಕೂಸಿಗೆ ಒಬ್ಬರು ಅಂದರೆ ಸಂಬಳ ಯಾರು ಕೊಡಬೇಕು? ಅಪ್ಪ ಅಮ್ಮನೇ. ಆ ಫೀಸು ಕೇಳಿಯೇ ಅಲ್ವಾ ನಮ್ಮ ರಾಜಾಜಿನಗರದ ಅಜ್ಜಿಯಂದಿರು ಮೊದಲ ಆರು ತಿಂಗಳು ಇವರ ಅಮ್ಮ, ಆಮೇಲಿನ ಆರು ತಿಂಗಳು ಅವರ ಅಮ್ಮ ಅಂತ ಪಾಳಿ ಹಾಕಿಕೊಂಡು, ಚಟ್ನಿಪುಡಿ ಡಬ್ಬ ಹಿಡಿದು ವಿಮಾನ ಹತ್ತೋದು!

ಹಾಗಾಗಿ ನಾನು ಕೇಳೋದು ದೊಡ್ಡ ಲೈಸೆನ್ಸ್ ರಾಜ್ಯ ಅಲ್ಲ. ಎರಡು ಮೆಟ್ಟಿಲು ಸಾಕು. ಆರು ಮಕ್ಕಳ ತನಕ ಮನೆಯಲ್ಲಿ ನೋಡಿಕೊಳ್ಳೋರಿಗೆ ಒಂದೇ ಪುಟದ ನೋಂದಣಿ, ಇಡ್ಲಿ ಗಾಡಿಗೆ ಇರೋ ಅಷ್ಟೇ ಶುಲ್ಕ, ನಡೆಸೋರ ಮತ್ತು ಆಯಾ ಪೊಲೀಸ್ ಪರಿಶೀಲನೆ, ಪ್ರಥಮ ಚಿಕಿತ್ಸೆಗೆ ಒಂದು ದಿನದ ತರಬೇತಿ. ಮನೆ ಮನೆಯಾಗೇ ಇರಲಿ, ಮೀಟರ್, ತೆರಿಗೆ ಯಾವುದನ್ನೂ ಮುಟ್ಟಬಾರದು. ಅದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಅಳತೆ, ಸಿಬ್ಬಂದಿ ಲೆಕ್ಕ, ಬೆಂಕಿ ಸುರಕ್ಷತೆ, ವರ್ಷಕ್ಕೊಮ್ಮೆ ತಪಾಸಣೆ. ಈ ನೋಂದಣಿಯನ್ನು 2011ರ ಸಕಾಲ ಕಾಯ್ದೆ ಅಡಿಗೆ ತಂದರೆ ಇಷ್ಟು ದಿನದೊಳಗೆ ಕೊಡಲೇಬೇಕು ಅಂತಾಗುತ್ತೆ, ಕವರು ಕೇಳೋಕೆ ಸಮಯ ಸಿಗಲ್ಲ. ತಪಾಸಣೆ ವರದಿ ಫೈಲಿನಲ್ಲಿ ಮಲಗೋದು ಬೇಡ, ಗೇಟಿನ ಮೇಲೆ ಅಂಟಿಸಲಿ: ಇಷ್ಟು ಮಕ್ಕಳಿಗೆ ಅನುಮತಿ, ಇಷ್ಟು ಜನ ಸಿಬ್ಬಂದಿ, ಕೊನೆಯ ತಪಾಸಣೆ ಇಂಥ ದಿನ. ಜಿರಾಫೆ ಪಕ್ಕದಲ್ಲೇ ಅಂಟಿಸಲಿ.

ಯಾವ ಇಲಾಖೆ ಮಾಡಬೇಕು? ನನ್ನ ಪ್ರಕಾರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. ಪ್ರತಿ ವಾರ್ಡಿನಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳೋ ಮೇಲ್ವಿಚಾರಕಿಯರು ಅವರ ಹತ್ತಿರ ಇದ್ದಾರೆ. ಈಗಿರೋ ಕೆಲಸದ ಮೇಲೆ ಇದನ್ನೂ ಹೇರಿದರೆ ಅವರು ರಸ್ತೆಗಿಳೀತಾರೆ, ಇಳಿಯೋದು ನ್ಯಾಯವೇ. ಇದಕ್ಕೆ ಬೇರೆ ಜನ, ಬೇರೆ ಸಂಬಳ ಕೊಡಿ.  ರಾಜಾಜಿನಗರ, ಗೋವಿಂದರಾಜನಗರ, ವಿಜಯನಗರ, ಯಶವಂತಪುರ, ಈ ನಾಲ್ಕು ಕ್ಷೇತ್ರದ ಶಾಸಕರಲ್ಲಿ ಒಬ್ಬರಾದರೂ ಒಂದು ಪ್ರಶ್ನೆ ಕೇಳಲಿ: ನನ್ನ ಕ್ಷೇತ್ರದಲ್ಲಿ ಎಷ್ಟು ಡೇ ಕೇರ್ ಇವೆ, ಅಲ್ಲಿ ಎಷ್ಟು ಮಕ್ಕಳಿದ್ದಾರೆ? ಉತ್ತರ ಕೊಡೋಕೆ ಸರ್ಕಾರ ಮೊದಲು ಎಣಿಸಬೇಕಾಗುತ್ತೆ.

ಅಲ್ಲಿಯ ತನಕ ನೋಡಬೇಕಾದವರು ನೀವೇ. ನಾಳೆ ಬೆಳಿಗ್ಗೆ ಮಗುವನ್ನು ಬಿಡೋಕೆ ಹೋದಾಗ ಬಾಗಿಲಲ್ಲಿ ಕೊಟ್ಟು ಓಡಬೇಡಿ, ಹತ್ತು ನಿಮಿಷ ಒಳಗೆ ಹೋಗಿ. ಆಫೀಸಿಗೆ ಲೇಟಾದರೂ ಪರವಾಗಿಲ್ಲ. ಮಕ್ಕಳನ್ನು ಎಣಿಸಿ, ದೊಡ್ಡವರನ್ನು ಎಣಿಸಿ. ಅಡುಗೆ ಮಾಡೋರನ್ನ, ಫೋನ್ ಎತ್ತೋರನ್ನ ಲೆಕ್ಕಕ್ಕೆ ಸೇರಿಸಬೇಡಿ. ಆಯಾ ಊಟಕ್ಕೆ ಹೋದಾಗ ಮಕ್ಕಳ ಹತ್ತಿರ ಯಾರಿರ್ತಾರೆ ಅಂತ ಕೇಳಿ. ಸಿಸಿಟಿವಿ ಇದೆ ಅಂದರೆ ಅದನ್ನು ನೋಡೋರು ಯಾರು ಅಂತಾನೂ ಕೇಳಿ, ಚಿಕ್ಕಲ್ಲಸಂದ್ರದಲ್ಲೂ ಕ್ಯಾಮೆರಾ ಇತ್ತು. ಮಗು ಮಲಗೋ ಕೋಣೆಗೆ ಎರಡನೇ ಬಾಗಿಲಿದೆಯಾ, ಗ್ಯಾಸ್ ಸಿಲಿಂಡರ್ ಎಲ್ಲಿದೆ, ತಾರಸಿ ಮೆಟ್ಟಿಲಿಗೆ ಗೇಟಿದೆಯಾ, ನೋಡಿ. ನೀವಲ್ಲದೆ ಬೇರೆ ಯಾರಾದರೂ ಕರೆದುಕೊಂಡು ಹೋಗೋಕೆ ಬಂದರೆ ಏನು ಮಾಡ್ತೀರಿ ಅಂತ ಕೇಳಿ, ಅವರು ತಕ್ಷಣ ಉತ್ತರ ಕೊಡಬೇಕು. ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ. ಒಳ್ಳೆಯ ಆಂಟಿಯರಿಗೆ ಸಿಟ್ಟು ಬರಲ್ಲ, ಕರೆದುಕೊಂಡು ಹೋಗಿ ತೋರಿಸ್ತಾರೆ.

ಹೊರಗೆ ಬರುವಾಗ ಪೋರ್ಟಿಕೊದಲ್ಲಿ ಒಂದು ಕ್ಷಣ ನಿಲ್ಲಿ. ನಮ್ಮ ಬೆಂಗಳೂರಿನ ಮನೆಗಳಲ್ಲಿ ನೀರಿನ ಸಂಪು ಇರೋದು ಅಲ್ಲೇ, ಮಕ್ಕಳು ಆಡೋದೂ ಅಲ್ಲೇ. ಮುಚ್ಚಳ ಕಬ್ಬಿಣದ್ದಾ, ತಗಡಿನದ್ದಾ, ಬೀಗ ಇದೆಯಾ? ಬೀಗ ಇಲ್ಲ ಅಂದರೆ ನಾಳೆ ಸಂಜೆಯೊಳಗೆ ಹಾಕಿಸೋಕೆ ಹೇಳಿ. ಹಾಕಿಸಲ್ಲ ಅಂದರೆ ಮಗುವನ್ನು ಅಲ್ಲಿ ಬಿಡಬೇಡಿ.